ಗಂಡುಮಗುವಿಗೆ ಪಾಟಿ ಅಭ್ಯಾಸ: ಕರಾವಳಿಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ಪ್ಲೇ ಹೋಮ್ ಶುರು. "ಡೈಪರ್ ಬಿಡಿಸಿಯೇ ಕಳಿಸಿ" ಎಂದು ಟೀಚರ್ ಹೇಳಿರುತ್ತಾರೆ. ಮೇ ಕೊನೆಯ ವಾರ ಮನೆಮಂದಿಗೆಲ್ಲ ಒಮ್ಮೆಲೇ ಗಡಿಬಿಡಿ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಪಾಟಿ ಅಭ್ಯಾಸ, ಅಂದರೆ ಡೈಪರ್ ಬಿಡಿಸಿ ಪಾಟಿಯಲ್ಲಿ (ಮಕ್ಕಳು ಕೂರುವ ಪುಟ್ಟ ಕಮೋಡ್) ಉಚ್ಚೆ ಕಕ್ಕ ಮಾಡಲು ಕಲಿಸುವುದು, ಹೀಗೆಯೇ ಶುರುವಾಗುವುದು. ಇದಕ್ಕಿಂತ ಕೆಟ್ಟ ಮುಹೂರ್ತ ಬೇರೆ ಇಲ್ಲ. ಹೊರಗೆ ಮಳೆ ಹಿಡಿದಿರುತ್ತದೆ, ಒಗೆದು ಹಾಕಿದ ಚಡ್ಡಿ ಎರಡು ದಿನವಾದರೂ ಒಣಗುವುದಿಲ್ಲ, ಬೆವರು ಕಡಿಮೆಯಾದ್ದರಿಂದ ಮಗು ಮತ್ತೆ ಮತ್ತೆ ಉಚ್ಚೆ ಮಾಡುತ್ತದೆ. ನಮ್ಮ ಹವೆಗೆ ಒಳ್ಳೆಯ ಕಾಲ ನವರಾತ್ರಿ ಕಳೆದ ಮೇಲಿನಿಂದ ಮಾರ್ಚ್‌ವರೆಗೆ. ಎಪ್ರಿಲ್, ಮೇ ಕೂಡ ಆದೀತು. ಆದರೆ ಆ ಸೆಕೆಗೆ ಬೆವರು ಹೆಚ್ಚಾಗಿ ಉಚ್ಚೆ ಕಡಿಮೆಯಾಗುತ್ತದೆ, ಗಾಢ ಹಳದಿಯಾಗುತ್ತದೆ, ಮಾಡುವಾಗ ಉರಿಯುವುದೂ ಉಂಟು. ಒಮ್ಮೆ ಉರಿ ತಗಲಿದ ಹುಡುಗ ಪಾಟಿ ಕಂಡರೆ ಓಡುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ಹೊರಡುವವರು ನೀರು, ಸೀಯಾಳ, ತೆಳು ಮಜ್ಜಿಗೆಯ ಲೆಕ್ಕ ಮೊದಲು ಸರಿಮಾಡಿಕೊಳ್ಳಬೇಕು.

ಯಾವಾಗ ಶುರು ಮಾಡುವುದು

ಹೆಚ್ಚಿನ ಮಕ್ಕಳು 18 ತಿಂಗಳಿಂದ 3 ವರ್ಷದೊಳಗೆ ಎಲ್ಲೋ ಒಂದು ಕಡೆ ತಯಾರಾಗುತ್ತಾರೆ. ಹುಡುಗರು ಸ್ವಲ್ಪ ನಿಧಾನ. ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ದಾಖಲೆ ಪ್ರಕಟಿಸಿದರು. ಹಗಲಿನ ಅಭ್ಯಾಸ ಕೂಡಿಬಂದ ಸರಾಸರಿ ವಯಸ್ಸು 28.5 ತಿಂಗಳು. ಹುಡುಗಿಯರಿಗಿಂತ ಹುಡುಗರಿಗೆ ಎರಡು ತಿಂಗಳಿಗೂ ಮಿಕ್ಕಿ ಹೆಚ್ಚು ಬೇಕಾಯಿತು. ಪಕ್ಕದ ಮನೆಯ ಹುಡುಗಿ ಎರಡು ವರ್ಷಕ್ಕೇ ಕಲಿತಳೆಂದು ನಿಮ್ಮ ಮಗನ ಮೇಲೆ ಒತ್ತಡ ಹಾಕಬೇಕಾಗಿಲ್ಲ.

ವಯಸ್ಸಿಗಿಂತ ಲಕ್ಷಣ ನೋಡಿ. ಹಗಲಲ್ಲಿ ಒಂದೂವರೆ ಎರಡು ಗಂಟೆ ಡೈಪರ್ ಒಣಗಿಯೇ ಇರುತ್ತದೆ. ಕಕ್ಕ ಬರುವಾಗ ಪರದೆಯ ಹಿಂದೆಯೋ ಸೋಫಾದ ಮೂಲೆಗೋ ಹೋಗಿ ಕುಕ್ಕರಿಸುತ್ತಾನೆ. ತಾನೇ ಚಡ್ಡಿ ಜಾರಿಸುತ್ತಾನೆ. "ಚಪ್ಪಲಿ ತಾ, ಅಲ್ಲಿ ಇಡು" ಎಂದರೆ ಮಾಡುತ್ತಾನೆ. ಒದ್ದೆಯಾದರೆ ಕಿರಿಕಿರಿಪಡುತ್ತಾನೆ. ಇವುಗಳಲ್ಲಿ ಮೂರು ನಾಲ್ಕು ಕಂಡರೆ ಸಾಕು. ಮೂಲೆಗೆ ಹೋಗಿ ಕುಕ್ಕರಿಸುವುದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗುರುತು: ಬರುತ್ತದೆಂದು ಅವನಿಗೆ ಮೊದಲೇ ಗೊತ್ತಾಗುತ್ತದೆ ಎಂದರ್ಥ.

ಮನೆಗೆ ಎರಡನೆಯ ಮಗು ಬರುವ ತಿಂಗಳು, ಅಪ್ಪ ರಜೆ ಮುಗಿಸಿ ಗಲ್ಫಿಗೆ ಹಿಂತಿರುಗುವ ವಾರ, ಮನೆ ಬದಲಿಸುವ ಸಮಯ ಬೇಡ. ಹದಿನೈದು ದಿನ ತಡವಾದರೆ ಏನೂ ಆಗುವುದಿಲ್ಲ.

ಮೊದಲು ಹೊಟ್ಟೆ, ಆಮೇಲೆ ಪಾಟಿ

ಪಾಟಿ ಅಭ್ಯಾಸ ಕೆಡುವುದು ಹೆಚ್ಚಾಗಿ ಉಚ್ಚೆಯಿಂದಲ್ಲ, ಕಕ್ಕದಿಂದ. ಒಮ್ಮೆ ಗಟ್ಟಿ ಕಕ್ಕ ಹೋಗಿ ನೋವಾಗುತ್ತದೆ. ಮರುದಿನ ಬಂದರೂ ಹುಡುಗ ಕಾಲು ಸೇರಿಸಿ ಬಿಗಿಹಿಡಿಯುತ್ತಾನೆ. ಹಿಡಿದಷ್ಟೂ ಒಳಗೆ ನೀರು ಹೀರಿ ಅದು ಇನ್ನೂ ಗಟ್ಟಿ, ಇನ್ನೂ ದಪ್ಪವಾಗುತ್ತದೆ, ಮುಂದಿನ ಸಲ ಇನ್ನೂ ನೋವು. ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ಚಡ್ಡಿಯಲ್ಲೇ ಹೋಗುತ್ತದೆ. ಈ ಚಕ್ರ ತಿರುಗತೊಡಗಿದ ಮೇಲೆ ಎಷ್ಟು ಒಳ್ಳೆಯ ಪಾಟಿ ತಂದರೂ ದಂಡ.

ಆದ್ದರಿಂದ ಶುರುವಿಗೆ ಎರಡು ವಾರ ಮೊದಲೇ ಊಟ ನೋಡಿ. ಹಾಲು ದಿನಕ್ಕೆ 500 ಮಿಲಿಲೀಟರ್ ಮೀರಬಾರದು. ಬಾಟಲಿಯಲ್ಲಿ ಲೀಟರ್‌ಗಟ್ಟಲೆ ಹಾಲು ಕುಡಿಯುವ ಮಗು ಅನ್ನ, ತರಕಾರಿ ತಿನ್ನುವುದಿಲ್ಲ, ಮಲಬದ್ಧತೆ ಅಲ್ಲಿಂದಲೇ. ರಸ್ಕ್, ಮೈದಾ ಬಿಸ್ಕತ್ತು ಕಡಿಮೆ ಮಾಡಿ. ಗೋಳಿಬಜೆ ಅಜ್ಜನಿಗಿರಲಿ. ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಗಸಿ, ಬಸಳೆ, ಹರಿವೆ, ಸಂಜೆಗೆ ಪಪ್ಪಾಯಿಯ ನಾಲ್ಕೈದು ಹೋಳು: ಹಿತ್ತಿಲಲ್ಲಿ ಸಿಗುವುದೇ ಸಾಕಾಗುತ್ತದೆ. ಬಾಳೆಹಣ್ಣು ಕೊಡುವುದಾದರೆ ಸಿಪ್ಪೆಯಲ್ಲಿ ಚುಕ್ಕೆ ಬಿದ್ದಷ್ಟು ಕಳಿತದ್ದು ಕೊಡಿ, ದೋರೆಗಾಯಿ ಕಟ್ಟಿಸುತ್ತದೆ. ಕಕ್ಕ ಬಾಳೆಹಣ್ಣಿನಂತೆ ಮೆತ್ತಗೆ, ಉದ್ದಕ್ಕೆ ಬರುತ್ತಿದ್ದರೆ ಮುಂದಕ್ಕೆ ಹೋಗಬಹುದು. ಆಡಿನ ಹಿಕ್ಕೆಯಂತೆ ಉಂಡೆ ಉಂಡೆಯಾಗಿ ಬಂದರೆ, ಮೂರು ದಿನಕ್ಕೊಮ್ಮೆ ಮುಕ್ಕಿ ಮುಕ್ಕಿ ಹೋಗುತ್ತಿದ್ದರೆ, ಪಾಟಿಯನ್ನು ಕಪಾಟಿನಲ್ಲಿಡಿ, ಮಕ್ಕಳ ಡಾಕ್ಟರರನ್ನು ಕಾಣಿ. ಅವರು ಕೊಡುವ ಮೆದುಮಾಡುವ ಔಷಧಿಯನ್ನು ಕೆಲವೊಮ್ಮೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಎರಡು ದಿನ ಸರಿಹೋಯಿತೆಂದು ನೀವಾಗಿ ನಿಲ್ಲಿಸಬೇಡಿ. ಸಾಬೂನಿನ ಚೂರು, ವೀಳ್ಯದೆಲೆಯ ತೊಟ್ಟು ಹಿಂದಿನಿಂದ ತೂರಿಸುವ ಹಳೆಯ ಉಪಾಯ ಖಂಡಿತ ಬೇಡ. ಗಾಯವೂ ಆಗುತ್ತದೆ, ಹುಡುಗನಿಗೆ ಆ ಜಾಗದ ಬಗ್ಗೆಯೇ ಹೆದರಿಕೆ ಹುಟ್ಟುತ್ತದೆ.

ಬೇಕಾಗುವ ಸಾಮಾನು

ನೆಲದ ಮೇಲೆ ಇಡುವ ಸಾದಾ ಪ್ಲಾಸ್ಟಿಕ್ ಪಾಟಿ ಒಂದು. ಹಾಡು ಹೇಳುವುದು, ಕಾರಿನ ಆಕಾರದ್ದು ಬೇಡ; ಅದು ಆಟಿಕೆಯಾಗಿಬಿಡುತ್ತದೆ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು. ಹೀಗೆ ಕೂತರೆ ಗುದದ ಸ್ನಾಯು ಸಡಿಲಾಗಿ ಮುಕ್ಕದೆ ಹೋಗುತ್ತದೆ. ಎದುರುಗಡೆ ಚಿಮ್ಮು ತಡೆಯಲು ಎದ್ದುನಿಂತ ತಡೆ ಇರುವ ಪಾಟಿಗಳುಂಟು. ಅದು ಗಟ್ಟಿಯಾಗಿ ಚೂಪಾಗಿದ್ದರೆ ಕೂರುವಾಗ ಹುಡುಗನಿಗೆ ತಾಗಿ ನೋವಾಗುತ್ತದೆ, ತೆಗೆದಿಡಬಹುದಾದದ್ದೇ ಕೊಳ್ಳಿ.

ವೆಸ್ಟರ್ನ್ ಕಮೋಡ್ ಮೇಲೆ ಕೂರಿಸುವುದಾದರೆ ಸಣ್ಣ ಸೀಟು ಮತ್ತು ಕಾಲಿಡಲು ಜಾರದ ಸ್ಟೂಲ್ ಎರಡೂ ಬೇಕು. ಕಾಲು ನೇತಾಡುತ್ತಿದ್ದರೆ ಮಗು ಬೀಳುವ ಭಯದಲ್ಲಿ ಇಡೀ ಮೈ ಬಿಗಿಹಿಡಿಯುತ್ತದೆ, ಕಕ್ಕ ಬರುವುದೇ ಇಲ್ಲ. ಇಂಡಿಯನ್ ಕಮೋಡ್ ಮಾತ್ರ ಇರುವ ಮನೆಯಲ್ಲಿ ಎರಡೂವರೆ ವರ್ಷದವನ ಕಾಲಿಗೆ ಆ ಅಗಲ ಹೆಚ್ಚು. ಅಲ್ಲಿ ಪಾಟಿಯಲ್ಲೇ ಕಲಿಸಿ, ಸುಮಾರು ಮೂರೂವರೆ ನಾಲ್ಕಕ್ಕೆ ಕೈಹಿಡಿದು ಕುಕ್ಕರಗಾಲಲ್ಲಿ ಕೂರಿಸಿದರಾಯಿತು. ಇಟ್ಟಿಗೆ, ಮರದ ತುಂಡು ಇಟ್ಟು ಜುಗಾಡು ಮಾಡಬೇಡಿ, ಒದ್ದೆ ನೆಲದಲ್ಲಿ ಜಾರುತ್ತದೆ.

ಇಲಾಸ್ಟಿಕ್ ಚಡ್ಡಿ ಬೇಸಿಗೆಗೆ 10–12, ಮಳೆಗಾಲಕ್ಕೆ 20. ಜಿಪ್ ಇರುವ ಪ್ಯಾಂಟು ಕನಿಷ್ಠ ಒಂದು ವರ್ಷ ಕಣ್ಣಿಗೆ ಕಾಣದಂತಿರಲಿ. ಅವಸರದಲ್ಲಿ ಎಳೆದಾಗ ತುದಿಯ ಚರ್ಮ ಸಿಕ್ಕಿಬೀಳುತ್ತದೆ. ನೆಲ ಒರೆಸಲು ಹಳೆಯ ಬೈರಾಸು ನಾಲ್ಕೈದು.

ಬಚ್ಚಲು ಮನೆಯಲ್ಲಿ ಎರಡು ಅಪಾಯ. ಒಂದು, ತುಂಬಿದ ಬಕೆಟ್. ಬಾಗಿ ನೋಡುತ್ತ ತಲೆಕೆಳಗಾಗಿ ಬಿದ್ದ ಮಗು ಕೆಲವೇ ಇಂಚು ನೀರಲ್ಲೂ ಮುಳುಗುತ್ತದೆ, ಕೂಗಲೂ ಆಗುವುದಿಲ್ಲ. ಅವನು ಇನ್ನು ಮೇಲೆ ಬಚ್ಚಲಿಗೆ ತಾನೇ ಓಡುವವ, ಹಾಗಾಗಿ ಬಕೆಟ್ ಬರಿದು ಮಾಡಿ ಕವುಚಿಡಿ. ಇನ್ನೊಂದು, ಫಿನಾಯಿಲ್ ಮತ್ತು ಆ್ಯಸಿಡ್. ಅದರಲ್ಲೂ ಹಳೆಯ ಜ್ಯೂಸ್ ಬಾಟಲಿಯಲ್ಲಿ ತುಂಬಿಟ್ಟದ್ದು. ಕೈಗೆಟುಕದ ಮೇಲಿನ ಕಪಾಟಿಗೆ.

ಶುರುವಿಗೆ ಮೊದಲಿನ ವಾರ

ಈ ವಾರ ಡೈಪರ್ ತೆಗೆಯುವುದಿಲ್ಲ. ಪಾಟಿ ಮನೆಯ ನಡುವೆ, ಅವನು ಆಡುವಲ್ಲಿ ಇರಲಿ. ಚಡ್ಡಿ ಸಮೇತ ಕೂರಲಿ, ಎದ್ದು ಹೋಗಲಿ. ಡೈಪರ್‌ನಲ್ಲಿನ ಕಕ್ಕವನ್ನು ಅವನ ಎದುರೇ ಕಮೋಡಿಗೆ ಹಾಕಿ "ಕಕ್ಕ ಇಲ್ಲಿಗೆ ಹೋಗುವುದು" ಎಂದು ತೋರಿಸಿ. ಫ್ಲಶ್ ಸದ್ದಿಗೆ ಹೆದರುವವನಿದ್ದರೆ ಅವನು ಹೊರಗೆ ಹೋದ ಮೇಲೆ ಎಳೆಯಿರಿ.

ಮಾತು ಒಂದೇ ಇರಲಿ. ನಮ್ಮಲ್ಲಿ ಒಂದೇ ಮನೆಯಲ್ಲಿ ಅಜ್ಜಿ ತುಳು, ಅಮ್ಮ ಕೊಂಕಣಿ, ಪ್ಲೇ ಹೋಮ್‌ನಲ್ಲಿ ಕನ್ನಡ, ಟಿವಿಯಲ್ಲಿ ಇಂಗ್ಲಿಷು. ಭಾಷೆ ಎಷ್ಟಾದರೂ ಇರಲಿ, ಈ ಕೆಲಸಕ್ಕೆ ಮಾತ್ರ "ಉಚ್ಚೆ", "ಕಕ್ಕ" ಎಂದೋ "ಸುಸ್ಸು" ಎಂದೋ ಒಂದನ್ನು ನಿಕ್ಕಿ ಮಾಡಿ. ಮುಂದೆ ಹೊರಗಿನ ಆಯಾಗೆ ಅರ್ಥವಾಗುವ ಪದವೇ ಒಳ್ಳೆಯದು. "ಶೀ, ವಾಸನೆ" ಎಂಬ ಮುಖಭಾವ ಬೇಡ. ಅದು ತನ್ನದೇ ವಸ್ತು ಎಂದು ತಿಳಿದಿರುವ ಹುಡುಗ ನಾಚಿ ಮರೆಗೆ ಹೋಗಲು ಕಲಿಯುತ್ತಾನೆ.

ಮೊದಲ ಮೂರು ದಿನ

ಶನಿವಾರದಿಂದ ಶುರು ಮಾಡಿ, ಮೂರು ದಿನ ಒಬ್ಬರಾದರೂ ಮನೆಯಲ್ಲೇ ಇರಬೇಕು. ಹಗಲು ಡೈಪರ್ ಪೂರ್ತಿ ಬಂದ್. ಒಮ್ಮೆ ಹಾಕಿ ಒಮ್ಮೆ ತೆಗೆದರೆ ಮಗುವಿಗೆ ಯಾವುದು ನಿಯಮವೆಂದೇ ತಿಳಿಯುವುದಿಲ್ಲ. ಮನೆಯೊಳಗೆ ಬರೇ ಅಂಗಿ ಹಾಕಿ ಬಿಟ್ಟರೂ ಆಯಿತು.

ಕೂರಿಸುವ ಸಮಯ: ಎದ್ದ ಕೂಡಲೇ, ಪ್ರತಿ ಊಟ ತಿಂಡಿಯಾಗಿ 15ರಿಂದ 30 ನಿಮಿಷದೊಳಗೆ, ಸ್ನಾನದ ಮೊದಲು, ಹೊರಗೆ ಹೊರಡುವ ಮೊದಲು, ಮಲಗುವ ಮೊದಲು. ಮಧ್ಯೆ ಒಂದೂವರೆ ಎರಡು ಗಂಟೆಗೊಮ್ಮೆ. ಊಟದ ನಂತರದ ಹೊತ್ತನ್ನು ತಪ್ಪಿಸಬೇಡಿ: ಹೊಟ್ಟೆಗೆ ಅನ್ನ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ, ಕಕ್ಕ ಬರುವ ಸಾಧ್ಯತೆ ಆಗಲೇ ಹೆಚ್ಚು. ಅರ್ಧ ಗಂಟೆಗೊಮ್ಮೆ ಕರೆದೊಯ್ಯುವವರಿದ್ದಾರೆ. ಅದರಿಂದ ಮೂತ್ರಕೋಶ ತುಂಬಿದ ಅನುಭವವೇ ಹುಡುಗನಿಗೆ ಸಿಗುವುದಿಲ್ಲ, ಕಲಿಯುವುದು ಅಮ್ಮ ಮಾತ್ರ.

"ಉಚ್ಚೆ ಬರ್ತದಾ ಪುಟ್ಟ?" ಎಂದು ಕೇಳಬೇಡಿ. ಈ ವಯಸ್ಸಿನಲ್ಲಿ ಯಾವ ಪ್ರಶ್ನೆಗೂ ಉತ್ತರ "ಇಲ್ಲ". "ಬಾ, ಉಚ್ಚೆ ಮಾಡಿ ಬಂದು ಆಡುವ" ಎನ್ನಿ. ಕೂತದ್ದು ಮೂರರಿಂದ ಐದು ನಿಮಿಷ ಸಾಕು. ಬಾರದಿದ್ದರೆ ಎಬ್ಬಿಸಿ. ಮೊಬೈಲ್ ಕೊಟ್ಟು ಇಪ್ಪತ್ತು ನಿಮಿಷ ಕೂರಿಸಿದರೆ ಅವನು ಮೊಬೈಲ್ ನೋಡಲು ಕಲಿಯುತ್ತಾನೆ, ಉಚ್ಚೆ ಮಾಡಲಲ್ಲ.

ಮುಂದನ್ನು ಹಿಡಿದುಕೊಳ್ಳುವುದು, ಕಾಲು ಬದಲಿಸಿ ಕುಣಿಯುವುದು, ಆಟದ ನಡುವೆ ಸುಮ್ಮನೆ ನಿಂತುಬಿಡುವುದು ಕಂಡರೆ ಎತ್ತಿಕೊಂಡು ಓಡಿ. ನೆಲಕ್ಕೆ ಹೋದರೆ ಮಾತು ಇಷ್ಟೇ: "ಉಚ್ಚೆ ನೆಲಕ್ಕೆ ಬಿತ್ತು. ಪಾಟಿಯಲ್ಲಿ ಮಾಡುವ." ಒದ್ದೆ ಚಡ್ಡಿಯನ್ನು ಬಕೆಟಿಗೆ ಅವನೇ ಹಾಕಲಿ, ಶಿಕ್ಷೆಯ ಸ್ವರ ಬೇಡ. ಟೈಲ್ಸ್ ನೆಲ ಕೂಡಲೇ ಒರೆಸಿ, ಅಜ್ಜಿ ಜಾರಿಬಿದ್ದರೆ ಅದು ಬೇರೆ ಕಥೆ. ಮಾಡಿದಾಗ "ಓ, ಪಾಟಿಯಲ್ಲಿ ಮಾಡಿದೆ!" ಎಂಬ ಒಂದು ಮಾತು, ಕ್ಯಾಲೆಂಡರಿನಲ್ಲಿ ಒಂದು ಸ್ಟಿಕರ್. ಚಾಕೊಲೇಟ್ ಲಂಚ ಶುರುಮಾಡಿದರೆ ನಾಲ್ಕು ಹನಿಗೊಂದು ಚಾಕೊಲೇಟ್ ಕೇಳುವ ವ್ಯಾಪಾರ ಆರಂಭವಾಗುತ್ತದೆ.

ಮೂರು ದಿನದಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂರು ದಿನದಲ್ಲಿ ಅವನಿಗೆ ವಿಷಯ ಅರ್ಥವಾಗುತ್ತದೆ. ಹಗಲಿಗೆ ಭರವಸೆ ಬರಲು ವಾರಗಳು, ಕೆಲವರಿಗೆ ಮೂರು ನಾಲ್ಕು ತಿಂಗಳು. ಎರಡು ವಾರ ಪ್ರಯತ್ನಿಸಿಯೂ ಒಂದು ಸಲವೂ ಪಾಟಿಯಲ್ಲಿ ಬೀಳದಿದ್ದರೆ, ದಿನಾ ಅಳು ರಂಪವಾದರೆ, ಡೈಪರ್ ಹಾಕಿ ಒಂದೆರಡು ತಿಂಗಳು ಬಿಟ್ಟುಬಿಡಿ.

ಹುಡುಗರದ್ದೇ ಆದ ಸಂಗತಿಗಳು

ಕೂತೇ ಕಲಿಸಿ. ನಿಂತು ಮಾಡುವುದನ್ನು ಮೊದಲು ಕಲಿತ ಹುಡುಗನಿಗೆ ಕಕ್ಕಕ್ಕಾಗಿ ಕೂರುವುದು ಬೇರೆಯೇ ಕೆಲಸವೆನಿಸಿ ಅದನ್ನು ಡೈಪರಿಗೆ ಉಳಿಸಿಕೊಳ್ಳುತ್ತಾನೆ. ಕೂತು ಕಲಿತವನಿಗೆ ಎರಡೂ ಒಟ್ಟಿಗೆ ಆಗುತ್ತದೆ, ಮೂತ್ರಕೋಶವೂ ಪೂರ್ತಿ ಖಾಲಿಯಾಗುತ್ತದೆ. ಕೂತಾಗ ತುಸು ಮುಂದಕ್ಕೆ ಬಾಗಲಿ, "ಉಚ್ಚಣ್ಣನನ್ನು ಕೆಳಗೆ ಮಾಡು" ಎಂದು ಬೆರಳಲ್ಲಿ ಒತ್ತಿಹಿಡಿಯಲು ಹೇಳಿಕೊಡಿ. ಇಲ್ಲವಾದರೆ ಎದುರಿನ ಗೋಡೆಗೆ, ನಿಮ್ಮ ನೈಟಿಗೆ ಅಭಿಷೇಕ.

ತೋಟದ ಮನೆಗಳಲ್ಲಿ ಅಜ್ಜ ಮೊಮ್ಮಗನನ್ನು ತೆಂಗಿನ ಬುಡಕ್ಕೆ ನಿಲ್ಲಿಸುವುದು ಸಾಮಾನ್ಯ. ತೆಂಗಿಗೆ ಲಾಭವೇ. ಆದರೆ ಅಲ್ಲಿಗೆ ಮಾತ್ರ ಒಗ್ಗಿಕೊಂಡ ಹುಡುಗ ಕದ್ರಿಯ ಫ್ಲಾಟಿನ ಟಾಯ್ಲೆಟ್‌ನಲ್ಲಿ ಹಿಡಿದು ನಿಲ್ಲುತ್ತಾನೆ. ಅಜ್ಜನಿಗೆ ಹೇಳಬೇಕಾದದ್ದು: "ಬೆಳಿಗ್ಗೆ ಒಂದು ಸಲ ಪಾಟಿ, ಆಮೇಲೆ ಬೇಕಾದರೆ ಅಂಗಳ."

ನಿಂತು ಮಾಡುವುದು ಕೂತ ಅಭ್ಯಾಸ ಒಂದೆರಡು ತಿಂಗಳು ಗಟ್ಟಿಯಾದ ಮೇಲೆ, ಹೆಚ್ಚಾಗಿ ಮೂರು ದಾಟಿದಾಗ. ಅಪ್ಪನೋ ಮಾವನೋ ತೋರಿಸಲಿ, ಅಮ್ಮ ಎಷ್ಟು ಹೇಳಿದರೂ ಇದು ನೋಡಿ ಕಲಿಯುವ ವಿದ್ಯೆ. ಕಮೋಡಿನ ಅಂಚು ಅವನ ತೊಡೆಯ ಮಧ್ಯಕ್ಕೆ ಬರುವಷ್ಟು ಎತ್ತರದ ಸ್ಟೂಲ್ ಇಡಿ. ಮುಚ್ಚಳದ ಬಗ್ಗೆ ಎಚ್ಚರ: ಎತ್ತಿ ನಿಲ್ಲಿಸಿದ ಭಾರದ ಸೀಟು ದಡಕ್ಕನೆ ಬಿದ್ದು ಅಲ್ಲೇ ನಜ್ಜಾಗುವ ಪ್ರಸಂಗ ಈ ಎತ್ತರದ ಹುಡುಗರಿಗೇ ಆಗುವುದು. ಹಿರಿಯರು ಸೀಟನ್ನು ಕೈಯಲ್ಲಿ ಹಿಡಿದು ನಿಲ್ಲಿ, ಇಲ್ಲವೇ ನಿಧಾನಕ್ಕೆ ಇಳಿಯುವ ಸೀಟು ಹಾಕಿಸಿ.

ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆದು ತೊಳೆಯಬೇಡಿ. ಈ ವಯಸ್ಸಿನಲ್ಲಿ ಅದು ಅಂಟಿಕೊಂಡಿರುವುದು ಸಹಜ, ವರ್ಷಗಳಲ್ಲಿ ತಾನಾಗಿ ಬಿಡುತ್ತದೆ. ಎಳೆದರೆ ಸೀಳಿ, ಗಾಯ ಮಾಯುವಾಗ ನಿಜವಾಗಿಯೂ ಬಿಗಿಯಾಗುತ್ತದೆ. ಹೊರಗಿನಿಂದ ನೀರು ಸಾಕು.

ಉಚ್ಚೆ ಪಾಟಿಯಲ್ಲಿ, ಕಕ್ಕಕ್ಕೆ ಮಾತ್ರ ಡೈಪರ್

ಹುಡುಗರಲ್ಲಿ ಬಹಳ ಕಾಣುವ ತಕರಾರು. ಎಲ್ಲ ಚೆನ್ನಾಗಿ ನಡೆಯುತ್ತಿರುತ್ತದೆ, ಕಕ್ಕ ಬಂದಾಗ ಡೈಪರ್ ಬೇಕೆಂದು ತಾನೇ ತಂದು ಕೊಡುತ್ತಾನೆ. ಇದು ಹಟವಲ್ಲ. ಬುಡಕ್ಕೆ ಆಧಾರವಿಲ್ಲದೆ ಏನೋ ಕಳಚಿ ಬೀಳುವ ಭಯ. ಕೊಡುವುದಿಲ್ಲ ಎಂದರೆ ಹಿಡಿದಿಟ್ಟುಕೊಂಡು ಮಲಬದ್ಧತೆ ಮಾಡಿಕೊಳ್ಳುತ್ತಾನೆ. ಆದ್ದರಿಂದ ಕೊಡಿ, ಆದರೆ ಜಾಗ ಬದಲಿಸುತ್ತ ಬನ್ನಿ. ಮೊದಲು ಡೈಪರ್ ಹಾಕಿ ಬಚ್ಚಲಿನೊಳಗೇ ಮಾಡಲಿ. ಅದು ಒಗ್ಗಿದ ಮೇಲೆ ಡೈಪರ್ ಸಮೇತ ಪಾಟಿಯ ಮೇಲೆ ಕೂರಲಿ. ನಂತರ ಪಟ್ಟಿ ಸಡಿಲಿಸಿ. ಆಮೇಲೆ ಡೈಪರನ್ನು ಪಾಟಿಯೊಳಗೆ ಹಾಸಿ, ಅವನು ಬರಿ ಮೈಯಲ್ಲಿ ಕೂರಲಿ. ಕೊನೆಗೆ ಅದನ್ನೂ ತೆಗೆಯಿರಿ. ಒಂದೊಂದು ಮೆಟ್ಟಿಲಿಗೆ ನಾಲ್ಕೈದು ದಿನವಾದರೂ ಬೇಕು. ಹಿಂದೆ ಜಾರಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ. ಕೂತಾಗ ಸಾಬೂನಿನ ಗುಳ್ಳೆ ಊದಿಸಿದರೆ ಹೊಟ್ಟೆಯ ಸ್ನಾಯು ತಾನೇ ಒತ್ತುತ್ತದೆ. ಬಲೂನು ಬೇಡ, ಗಂಟಲಿಗೆ ಸಿಕ್ಕೀತು.

ವಾರಗಟ್ಟಲೆ ಗಟ್ಟಿಯಾಗಿದ್ದವನ ಚಡ್ಡಿಯಲ್ಲಿ ಒಮ್ಮೆಲೇ ತೆಳು ಕಕ್ಕ ಸೋರತೊಡಗಿದರೆ ಭೇದಿ ಎಂದುಕೊಳ್ಳಬೇಡಿ. ಒಳಗೆ ಗಟ್ಟಿ ಅಡ್ಡ ನಿಂತು ಪಕ್ಕದಿಂದ ತೆಳುವಾದದ್ದು ಇಳಿಯುತ್ತಿರಬಹುದು. ಹುಡುಗನಿಗೆ ಅದು ಗೊತ್ತೂ ಆಗುವುದಿಲ್ಲ. ಬೈಯದೆ ಡಾಕ್ಟರರ ಹತ್ತಿರ.

ತೊಳೆಯುವುದನ್ನು ನಾಲ್ಕು ವರ್ಷವಾದರೂ ನೀವೇ ಮಾಡಬೇಕಾದೀತು. ಜೆಟ್ ಸ್ಪ್ರೇ ಆದರೆ ಮೆಲ್ಲಗೆ, ತಂಬಿಗೆಯಾದರೆ ಬೆಚ್ಚಗಿನ ನೀರು. ಆಮೇಲೆ ಇಬ್ಬರೂ ಸಾಬೂನು ಹಾಕಿ 20 ಸೆಕೆಂಡು ಕೈ ಉಜ್ಜಿ. ಕೈತೊಳೆಯದೆ ಕೆಲಸ ಮುಗಿದಿಲ್ಲವೆಂದು ಮೊದಲ ದಿನದಿಂದಲೇ ಗೊತ್ತಾಗಲಿ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ

ಕೂರಿಸುವ ಅಂತರವನ್ನು ಒಂದು ಗಂಟೆಗೆ ಇಳಿಸಿ. ಅರೆ ಒಣಗಿದ ಚಡ್ಡಿ ಹಾಕಬೇಡಿ. ತೊಡೆಸಂದಿಯಲ್ಲಿ ಅಂಚು ಕೆಂಪಗೆ ಎದ್ದ ತುರಿಕೆ ಬಂದರೆ ಫಂಗಸ್ ಇರಬಹುದು, ಮೆಡಿಕಲ್‌ನಿಂದ ಸ್ಟೆರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ಅದು ಇನ್ನೂ ಹಬ್ಬುತ್ತದೆ. ದಪ್ಪ ಬನಿಯನ್ ಬಟ್ಟೆಗಿಂತ ತೆಳು ಹತ್ತಿಯ ಚಡ್ಡಿ ಬೇಗ ಒಣಗುತ್ತದೆ. ಫ್ಯಾನಿನಡಿ ಹಗ್ಗ ಕಟ್ಟಿ ಒಣಗಿಸಿ ಕೊನೆಗೊಂದು ಇಸ್ತ್ರಿ. ಪ್ಲಾಸ್ಟಿಕ್ ಪಾಟಿ ಮುಂಜಾನೆ ತಣ್ಣಗಿರುತ್ತದೆ. ತೊಡೆಗೆ ತಾಗಿದ ಕೂಡಲೇ ಎದ್ದುಬಿಡುವವನಿಗೆ ಬಿಸಿನೀರಲ್ಲಿ ತೊಳೆದು ಒರೆಸಿ ಕೊಟ್ಟರೆ ಕೂರುತ್ತಾನೆ.

ಹೊರಗೆ ಹೋಗುವಾಗ

ಬ್ಯಾಗಿನಲ್ಲಿ ಎರಡು ಜೊತೆ ಚಡ್ಡಿ, ಒಂದು ಬೈರಾಸು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ತೊಟ್ಟೆ, ನೀರಿನ ಬಾಟಲಿ. ಕುಂದಾಪುರದಿಂದ ಮಂಗಳೂರಿಗೆ ಹೈವೇಯಲ್ಲಿ ಬಸ್ಸು ನೀವು ಹೇಳಿದಲ್ಲಿ ನಿಲ್ಲುವುದಿಲ್ಲ, ಅಗಲ ಬಾಯಿಯ ಖಾಲಿ ಬಾಟಲಿ ಹುಡುಗರಿಗೆ ಆಪದ್ಬಾಂಧವ. ಮದುವೆ ಹಾಲ್, ದೇವಸ್ಥಾನ, ಯಕ್ಷಗಾನದ ಬಯಲಿಗೆ ತಲುಪಿದ ಕೂಡಲೇ ಟಾಯ್ಲೆಟ್ ಎಲ್ಲಿದೆಯೆಂದು ನೋಡಿ ಒಮ್ಮೆ ಕರೆದೊಯ್ಯಿರಿ. ಪಾಯಸದ ಹೊತ್ತಿಗೆ ಹುಡುಕುವುದಲ್ಲ. ಪ್ರಯಾಣವೆಂದು ಡೈಪರ್ ಹಾಕಬೇಕಾದರೆ ಹಾಕಿ, ಆದರೂ ದಾರಿಯಲ್ಲಿ ಸಿಕ್ಕ ಟಾಯ್ಲೆಟ್‌ಗೆ ಇಳಿಸಿ ಮಾಡಿಸಿ.

ರಾತ್ರಿ

ರಾತ್ರಿ ಒಣಗಿರುವುದು ಕಲಿಸಿ ಬರುವಂಥದ್ದಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಹೆಚ್ಚಬೇಕು, ತುಂಬಿದ ಮೂತ್ರಕೋಶಕ್ಕೆ ಮಿದುಳು ಎಚ್ಚರಗೊಳ್ಳಬೇಕು. ಇದು ಹಗಲಿನದಾಗಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ರೋಗವೆಂದು ಎಣಿಸುವುದೂ ಇಲ್ಲ. ಬೆಳಿಗ್ಗೆ ಒಂದು ವಾರ ಡೈಪರ್ ಒಣಗಿಯೇ ಇದ್ದರೆ ತೆಗೆದು ನೋಡಿ. ಹಾಸಿಗೆಗೆ ರಬ್ಬರ್ ಶೀಟು, ಮೇಲೆ ಹತ್ತಿ ಬಟ್ಟೆ, ಮತ್ತೊಂದು ಶೀಟು, ಮತ್ತೆ ಬಟ್ಟೆ. ನಡುರಾತ್ರಿ ಮೇಲಿನ ಜೋಡಿ ಎಳೆದರೆ ಸಾಕು. ಮಲಗುವ ಒಂದು ಗಂಟೆ ಮೊದಲಿನಿಂದ ಹಾಲು, ನೀರು ಹೆಚ್ಚು ಬೇಡ, ಹಗಲಲ್ಲಿ ಮಾತ್ರ ಧಾರಾಳ ಕೊಡಿ. ನಿದ್ದೆಗಣ್ಣಿನಲ್ಲಿ ಎತ್ತಿಕೊಂಡು ಹೋಗಿ ಮಾಡಿಸಿದರೆ ಹಾಸಿಗೆ ಉಳಿಯಬಹುದು, ಅಭ್ಯಾಸ ಆಗುವುದಿಲ್ಲ.

ಹಿಂದೆ ಹೋದರೆ, ಡಾಕ್ಟರ್ ಬೇಕಾದರೆ

ತಮ್ಮ ಹುಟ್ಟಿದಾಗ, ಜ್ವರ ಬಂದು ಎದ್ದಾಗ, ಪ್ಲೇ ಹೋಮ್ ಮೊದಲ ತಿಂಗಳಲ್ಲಿ ಮತ್ತೆ ಚಡ್ಡಿ ಒದ್ದೆಯಾಗುವುದು ಸಾಮಾನ್ಯ. ಬೈಯದೆ ಮೊದಲ ಮೂರು ದಿನದ ಸಮಯಪಟ್ಟಿಗೆ ಮರಳಿ. ಎರಡು ಮೂರು ವಾರದಲ್ಲಿ ಹಳಿಗೆ ಬರುತ್ತದೆ. ಆಯಾಗೆ ಅವನ ಪದ ಯಾವುದು, ಕೂತು ಮಾಡುವವನೋ ನಿಂತೋ, ಅಲ್ಲಿರುವುದು ಇಂಡಿಯನ್ನೋ ವೆಸ್ಟರ್ನೋ ಎಂಬುದನ್ನು ಮೊದಲ ದಿನವೇ ಮಾತಾಡಿ. ಇಡೀ ಬೆಳಿಗ್ಗೆ ಹಿಡಿದಿಟ್ಟು ಮನೆ ಬಾಗಿಲಲ್ಲಿ ಬಿಡುವ ಮಕ್ಕಳ ಕಷ್ಟ ಹೆಚ್ಚಾಗಿ ಇಷ್ಟರಲ್ಲೇ ಇರುತ್ತದೆ.

ಕೆಲವು ಕಂಡರೆ ಮಾತ್ರ ಕಾಯದೆ ಡಾಕ್ಟರರಿಗೆ ತೋರಿಸಬೇಕು: ಉಚ್ಚೆ ಮಾಡುವಾಗ ಅಳು, ಕಾರಣ ಕಾಣದ ಜ್ವರ, ಉಚ್ಚೆಯಲ್ಲೋ ಕಕ್ಕದಲ್ಲೋ ರಕ್ತ, ಮುಕ್ಕಿದರೂ ತೆಳು ಧಾರೆ, ಸದಾ ಹನಿ ಹನಿ ಸೋರಿಕೆ, ತುದಿ ಕೆಂಪಾಗಿ ಊದಿಕೊಳ್ಳುವುದು. ನಾಲ್ಕು ದಾಟಿಯೂ ಹಗಲಲ್ಲಿ ಹಿಡಿತವಿಲ್ಲದಿದ್ದರೂ ಒಮ್ಮೆ ತೋರಿಸಿ. ತಿಂಗಳುಗಟ್ಟಲೆ ಒಣಗಿದ್ದವನು ಇದ್ದಕ್ಕಿದ್ದಂತೆ ಒದ್ದೆ ಮಾಡತೊಡಗಿ, ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಕೆ ಕಂಡರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು, ಮಕ್ಕಳಿಗೂ ಮಧುಮೇಹ ಬರುತ್ತದೆ. ಹತ್ತಿರದ ಮಕ್ಕಳ ಡಾಕ್ಟರ್ ಸಿಗದಿದ್ದರೆ ಮಂಗಳೂರಿನ ವೆನ್ಲಾಕ್ ಅಥವಾ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು. ಹೋಗುವ ಮೊದಲು ಮೂರು ದಿನ ಎಷ್ಟು ಹೊತ್ತಿಗೆ ಉಚ್ಚೆ, ಎಷ್ಟು ಹೊತ್ತಿಗೆ ಕಕ್ಕ, ಮೆತ್ತಗೋ ಗಟ್ಟಿಯೋ, ಎಷ್ಟು ಹಾಲು ನೀರು ಕುಡಿದ ಎಂದು ಚೀಟಿಯಲ್ಲಿ ಬರೆದಿಡಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಅದೇ ದಿನ ಹೊರಡಬೇಕಾದಾಗ ಮಾತ್ರ ಚೀಟಿಗಾಗಿ ಕಾಯಬೇಡಿ.